ಎರಡು ಮೈಕು, ಒಂದು ಗಂಟಲು

ಹಳೆಯ ಮೈಕನ್ನು ಬೀರುವಿನ ಮೇಲಿನಿಂದ ಇಳಿಸುವಾಗ ನನ್ನ ತೋಳು ಸೋತು ಹೋಯಿತು. ಕುಟ್ಟಾಣಿಯಷ್ಟು ಭಾರ. ಅದರ ಜೊತೆಗೆ ಒಂದು ಕರೆಂಟಿನ ಪೆಟ್ಟಿಗೆ, ಆ ಪೆಟ್ಟಿಗೆಯಿಂದ ಮೈಕಿಗೆ ಹೆಬ್ಬೆರಳು ಗಾತ್ರದ ಕೇಬಲ್ಲು. ಒಳಗೆ ಒಂದು ಪುಟ್ಟ ಗಾಜಿನ ವಾಲ್ವು ಇದೆ, ಅದು ಬಿಸಿಯಾಗಲು ಅರ್ಧ ಗಂಟೆ ಬೇಕು. ಹೊಸ ಮೈಕು ಅದೇ ಕಂಪನಿಯದು, ನೋಡಲು ಅದೇ ಆಕಾರ, ಮೈಮೇಲೆ ಅದೇ ನಂಬರು. ನಂಬರಿನ ಪಕ್ಕ ಒಂದೇ ಒಂದು ಅಕ್ಷರ ಹೆಚ್ಚಿಗೆ. ತೂಕ ಹಳೆಯದರ ಅರ್ಧವೂ ಇಲ್ಲ. ಮಾರುವಾಗ ಅಂಗಡಿಯವನು, ಅದೇ ಮೇಡಂ, ಆದರೆ ಅದಕ್ಕಿಂತ ಚೆನ್ನಾಗಿದೆ ಎಂದಿದ್ದ. ಅದೇ ಆಗಿದ್ದರೆ ಅದಕ್ಕಿಂತ ಚೆನ್ನಾಗಿರುವುದು ಹೇಗೆ ಎಂದು ನಾನು ಆಗಲೇ ಕೇಳಬೇಕಿತ್ತು.

ಎರಡನ್ನೂ ಒಂದೇ ಸ್ಟ್ಯಾಂಡಿಗೆ ಒಂದರ ಕೆಳಗೊಂದು ಬಿಗಿಯುತ್ತಿದ್ದೆ. ಅತ್ತಿಗೆ ಮೂಲೆಯ ಕುರ್ಚಿಯಲ್ಲಿ ಕೂತು ಕಾಗದದ ಚೂರಿನ ಮೇಲೆ ಬರೆದು ತೋರಿಸಿದರು: "ಇದರಿಂದ ಏನೂ ಆಗಲ್ಲ."

ಅತ್ತಿಗೆ ನನ್ನ ಗಂಡನ ಅಕ್ಕ. ಓದುವುದು ಅವರ ಕಸುಬು. ಮೂವತ್ತು ವರ್ಷದ ಹಿಂದೆ ಇದೇ ಸ್ಟುಡಿಯೋದಲ್ಲಿ, ಅಂದರೆ ಬ್ಯಾಗು ಮತ್ತು ಜಿಪ್ಪು ರಿಪೇರಿ ಅಂಗಡಿಯ ಮೇಲಿನ ಈ ಎರಡು ಕೋಣೆಗಳಲ್ಲಿ, ಅವರು ರೇಡಿಯೋಗೆಂದು ಗಡಿಯಾರದ ಅಂಗಡಿಯಲ್ಲಿ ವಾಸ ಮಾಡುವ ಒಂದು ಇಲಿಯ ಕಥೆಯನ್ನು ನಲವತ್ತು ಕಂತು ಓದಿದ್ದರು. ಆಗ ಯಂತ್ರ ನಡೆಸುತ್ತಿದ್ದವರು ಅವರ ಅಪ್ಪ, ನನ್ನ ಮಾವ. ಆಮೇಲೆ ನಾನು ಸೊಸೆಯಾಗಿ ಬಂದೆ. ಅಡುಗೆಮನೆಗಿಂತ ಈ ಕೋಣೆ ತಂಪಾಗಿತ್ತು, ಹಾಗಾಗಿ ಇಲ್ಲಿ ಬಂದು ಕೂರುತ್ತಿದ್ದೆ. ಕೂತವಳನ್ನು ಸುಮ್ಮನೆ ಬಿಡುವ ಜಾಯಮಾನ ಮಾವನದಲ್ಲ. ಮೊದಲು ವೈರು ಹಿಡಿದುಕೊಳ್ಳಲು ಹೇಳಿದರು, ಆಮೇಲೆ ಬೆಸುಗೆ ಹಾಕಲು. ಈಗ ಎಲ್ಲ ನಾನೇ. ಅತ್ತಿಗೆ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮೆಕ್ಯಾನಿಕ್ಕು ಎನ್ನುತ್ತಾರೆ.

ಇಲಿಯ ಕಥೆಗೆ ಈಗ ಮತ್ತೆ ಕಾಲ ಬಂದಿತ್ತು. ಮಕ್ಕಳ ಕಥೆಗಳನ್ನು ಫೋನಿನಲ್ಲಿ ಕೇಳಿಸುವ ಒಂದು ಕಂಪನಿ ರೇಡಿಯೋದವರಿಂದ ಹಳೆಯ ಟೇಪುಗಳನ್ನು ತೆಗೆದುಕೊಂಡು ತಮ್ಮ ಯಂತ್ರದಲ್ಲಿ ಹಾಕಿ ಕಂಪ್ಯೂಟರಿಗೆ ಇಳಿಸಿತ್ತು. ಇಪ್ಪತ್ತೆಂಟು ಕಂತು ಚೆನ್ನಾಗಿ ಬಂದವು. ಉಳಿದ ಹನ್ನೆರಡರ ಮೇಲೆ ಉಗ್ರಾಣದಲ್ಲಿ ನೀರಿನ ಪೈಪು ಒಡೆದು ಟೇಪು ಹಪ್ಪಳದ ಹಾಗೆ ಎದ್ದಿತ್ತು. ಹನ್ನೆರಡನ್ನು ಮತ್ತೆ ಓದಿಕೊಡುತ್ತೀರಾ ಎಂದು ಕಂಪನಿಯವನು ಕೇಳಿದಾಗ ಅತ್ತಿಗೆ ಕನ್ನಡಕ ಹುಡುಕುವ ಮೊದಲೇ ಹೂಂ ಅಂದಿದ್ದರು.

ಮೊದಲ ಮಾದರಿಯನ್ನು ಹೊಸ ಮೈಕಿನಲ್ಲಿ ಮಾಡಿ ಕಳಿಸಿದೆವು. ಕಂಪನಿಯವನು ಬಹಳ ನಯವಾದ ಮನುಷ್ಯ. ಓದು ಸೊಗಸಾಗಿದೆ, ಧ್ವನಿ ಮಾತ್ರ ಸ್ವಲ್ಪ ಪಕ್ವವಾಗಿದೆ ಎಂದು ಬರೆದ. ಹಳೆಯ ಕಂತಿನ ಪಕ್ಕದಲ್ಲಿ ಹೊಸದನ್ನು ಇಟ್ಟರೆ ಮಗಳು ಶುರು ಮಾಡಿದ್ದನ್ನು ತಾಯಿ ಮುಗಿಸಿದ ಹಾಗೆ ಕೇಳುತ್ತದಂತೆ. ಇನ್ನೊಂದು ಮಾದರಿ ಕೊಡಿ, ಹೊಂದದಿದ್ದರೆ ನಲವತ್ತನ್ನೂ ಒಬ್ಬ ಹೊಸ ಹುಡುಗಿಯಿಂದ ಓದಿಸುತ್ತೇವೆ, ಒಂದು ತಿಂಗಳು ಸಮಯವಿದೆ, ನಾಲ್ಕನೆಯ ಶನಿವಾರದೊಳಗೆ ತಿಳಿಸಿ ಎಂದು ಕೊನೆಯಲ್ಲಿತ್ತು. ಅಂದರೆ ಹಳೆಯ ಇಪ್ಪತ್ತೆಂಟೂ ಕಸದ ಬುಟ್ಟಿಗೆ.

ಅತ್ತಿಗೆ ಎರಡನ್ನೂ ಕೇಳಿದರು. ಅವನು ಹೇಳಿದ್ದು ಸುಳ್ಳಲ್ಲ. ಹಳೆಯದರಲ್ಲಿ ಧ್ವನಿ ಮೇಲೆ, ಎಳೆಯದು, ಚುರುಕು. ಹೊಸದರಲ್ಲಿ ಅದೇ ಧ್ವನಿ ಒಂದು ಮೆಟ್ಟಿಲು ಕೆಳಗೆ ಇಳಿದು ಕೂತಿತ್ತು.

ಅವತ್ತಿನಿಂದ ಅವರಿಗೆ ತಮ್ಮ ಗಂಟಲಿನ ಮೇಲೆ ನಂಬಿಕೆ ಹೋಯಿತು. ಗಂಟಲಿನ ಡಾಕ್ಟರು ಮೂಗಿನೊಳಗಿಂದ ಕ್ಯಾಮೆರಾ ಇಳಿಸಿ ನೋಡಿದರು. ಏನೂ ಇಲ್ಲ, ಶುದ್ಧವಾಗಿದೆ, ವಯಸ್ಸಾದ ಮೇಲೆ ಧ್ವನಿ ಸ್ವಲ್ಪ ಇಳಿಯುವುದು ಸಹಜ ಎಂದರು. ಅತ್ತಿಗೆಗೆ ಏನೂ ಇಲ್ಲ ಎನ್ನುವುದು ಕೇಳಲಿಲ್ಲ, ಇಳಿಯುವುದು ಎನ್ನುವುದೊಂದೇ ಕೇಳಿಸಿತು. ಉಳಿದಿರುವುದನ್ನಾದರೂ ಕಾಪಾಡಿಕೊಳ್ಳಬೇಕೆಂದು ಮಾತು ನಿಲ್ಲಿಸಿ ಚೀಟಿ ಬರೆಯತೊಡಗಿದರು. ಮೊದಲ ಎರಡು ದಿನ ನನ್ನ ಗಂಡನಿಗೆ ಮನೆ ನೆಮ್ಮದಿಯಾಗಿದೆ ಅನ್ನಿಸಿತಂತೆ. ಮೂರನೆಯ ದಿನ ಅವರೇ ಬಂದು, ಅಕ್ಕನ ಕೈಲಿ ಏನಾದರೂ ಬೈಸಿಕೊಳ್ಳುವ ಹಾಗೆ ಮಾಡು ಎಂದು ನನ್ನ ಹತ್ತಿರ ಗೋಗರೆದರು. ಹೀಗೇ ಮೂರು ವಾರ ಕಳೆದವು.

ನನಗೆ ಮಾತ್ರ ಗಂಟಲಿನ ಮೇಲೆ ಅನುಮಾನ ಬರಲಿಲ್ಲ. ಮನುಷ್ಯರನ್ನು ಬಯ್ಯುವ ಮುಂಚೆ ವೈರು ಅಲ್ಲಾಡಿಸಿ ನೋಡಬೇಕು ಎನ್ನುವುದು ಮಾವ ನನಗೆ ಹೇಳಿಕೊಟ್ಟ ಮೊದಲ ಪಾಠ. ದಿನಾ ಊಟದ ಮನೆಯಲ್ಲಿ ಕೇಳುವ ಧ್ವನಿ ಅದು. ಮೂವತ್ತು ವರ್ಷದಲ್ಲಿ ಸೊಂಟ ಬದಲಾಗಿದೆ, ಸ್ವಭಾವ ಬದಲಾಗಿಲ್ಲ, ಧ್ವನಿಯೂ ಅಷ್ಟೊಂದು ಬದಲಾದಂತೆ ನನ್ನ ಕಿವಿಗೆ ತೋರಿರಲಿಲ್ಲ. ಹಾಗಾಗಿ ಮಂಗಳವಾರ ಹಳೆಯ ಮೈಕನ್ನು ಕೆಳಗಿಳಿಸಿದೆ.

ಎರಡು ಮೈಕೂ ಬಾಯಿಂದ ಒಂದೇ ಗೇಣು ದೂರ. ವಾಲ್ವು ಬಿಸಿಯಾಗಲು ಬಿಟ್ಟೆವು. ಅತ್ತಿಗೆ ನಿಂತು ಮೊದಲ ಕಂತಿನ ಆರಂಭ ಓದಿದರು. ಅಂಗಡಿಯಲ್ಲಿ ಮುನ್ನೂರು ಗಡಿಯಾರಗಳಿದ್ದವು, ಮುನ್ನೂರರಲ್ಲೂ ಬೇರೆ ಬೇರೆ ಸಮಯ, ಇಲಿಗೆ ಮಾತ್ರ ಊಟದ ಹೊತ್ತು ತಪ್ಪುತ್ತಿರಲಿಲ್ಲ. ಒಂದೇ ಉಸಿರಿನ ಓದು ಎರಡು ಮೈಕಿಗೂ ಬಿತ್ತು. ಕಂಪ್ಯೂಟರಿನಲ್ಲಿ ಒಂದಕ್ಕೆ ಹುಣಿಸೆ, ಇನ್ನೊಂದಕ್ಕೆ ಬೆಲ್ಲ ಎಂದು ಹೆಸರಿಟ್ಟು, ಯಾವುದು ಯಾವುದೆಂದು ಹೇಳದೆ ಕೇಳಿಸಿದೆ.

ವ್ಯತ್ಯಾಸವೇನೋ ಇತ್ತು. ಹಳೆಯದು ದೊಡ್ಡಮ್ಮನ ಹಾಗೆ, ನಾವು ಆಡಿದ್ದನ್ನು ಸ್ವಲ್ಪ ನಯ ಮಾಡಿ ನಾಲ್ಕು ಜನಕ್ಕೆ ಹೇಳುತ್ತದೆ. ಸಕಾರ ಶಕಾರಗಳ ಮೊನೆ ಮುರಿದು, ಎದೆಯ ಗುಂಗನ್ನು ತುಸು ಉಬ್ಬಿಸಿ, ಮಾತಿಗೆ ಒಂದು ಶಾಲು ಹೊದಿಸುತ್ತದೆ. ಹೊಸದು ಪೊಲೀಸಿನವನ ಹಾಗೆ, ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳುತ್ತದೆ. ತುಟಿ ಬಿಚ್ಚಿದ ಸದ್ದು, ಎಂಜಲು ನುಂಗಿದ್ದು, ಕೆಳಗಿನ ಅಂಗಡಿಯಲ್ಲಿ ಜಿಪ್ಪು ಎಳೆದದ್ದು, ಒಂದನ್ನೂ ಬಿಡುವುದಿಲ್ಲ. ಮೈಕಿನದೇ ಆದ ಗದ್ದಲ ಹೊಸದರಲ್ಲಿ ಇಲ್ಲವೇ ಇಲ್ಲ, ಹಳೆಯದರಲ್ಲಿ ದೂರದಲ್ಲಿ ಯಾರೋ ಏನೋ ಹುರಿಯುತ್ತಿರುವ ಹಾಗೆ ಸಣ್ಣಗೆ ಚರಚರ. ಆದರೆ ಧ್ವನಿಯ ಎತ್ತರ? ಎರಡರಲ್ಲೂ ಒಂದೇ. ಇವತ್ತಿನ ಅತ್ತಿಗೆ ಎರಡರಲ್ಲೂ ಇವತ್ತಿನ ಅತ್ತಿಗೆಯೇ.

ಅವರು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. ಚೀಟಿಗೆ ಕೈ ಹಾಕಿ ಆಮೇಲೆ ಬಿಟ್ಟು, ಬಾಯಿ ತೆರೆದೇ ಹೇಳಿದರು. "ಆಯ್ತಲ್ಲ ಮೆಕ್ಯಾನಿಕ್ಕು. ಮೈಕಿಗೆ ಅಂಟಿದ್ದ ಅಪವಾದ ತೊಳೆದೆ. ಇನ್ನು ನನಗೆ ಅಂಟಿದ್ದು ನನಗೇ ಇರಲಿ."

"ಇನ್ನೂ ಒಂದು ಬಾಕಿ ಇದೆ. ಆಗ ಟೇಪಿಗೆ ಹಾಕ್ತಿದ್ದದ್ದು, ಕಂಪ್ಯೂಟರಿಗಲ್ಲ."

"ಟೇಪಿಗೆ ಹಾಕಿದ್ರೆ ನನಗೆ ಮತ್ತೆ ಇಪ್ಪತ್ತೆಂಟು ವಯಸ್ಸಾಗತ್ತಾ?"

ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಹೋಲಿಸುವುದಾದರೆ ಪೂರ್ತಿ ಹೋಲಿಸಬೇಕು. ಹಳೆಯದರಲ್ಲಿ ಅರ್ಧ, ಹೊಸದರಲ್ಲಿ ಅರ್ಧ ಇಟ್ಟುಕೊಂಡು ತೀರ್ಪು ಕೊಡುವುದು ನ್ಯಾಯವಲ್ಲ. ಮೆಟ್ಟಿಲಿನ ಕೆಳಗೆ ಮಾವನ ಟೇಪು ಯಂತ್ರ ಇತ್ತು. ಅದರ ಮೇಲೆ ಹತ್ತು ವರ್ಷದಿಂದ ಇಸ್ತ್ರಿ ಬಟ್ಟೆ ಮಡಚಿಡುತ್ತಿದ್ದೆವು. ಬುಧವಾರ ಇಡೀ ದಿನ ಅದಕ್ಕೆ ಹೋಯಿತು. ಒಳಗಿನ ಬೆಲ್ಟು ಮುಟ್ಟಿದರೆ ಹುಡಿ. ಕೆಳಗಿನ ಜಿಪ್ಪಿನವನ ಹತ್ತಿರ ಹೊಲಿಗೆ ಯಂತ್ರದ ಬೆಲ್ಟುಗಳ ಗೊಂಚಲೇ ಇತ್ತು, ಅದರಲ್ಲಿ ಒಂದು ಸರಿಹೊಂದಿತು. ರಬ್ಬರಿನ ಉರುಳೆಯನ್ನು ಉಪ್ಪುಕಾಗದದಿಂದ ತಿಕ್ಕಿ, ಟೇಪು ತಾಗುವ ಜಾಗಗಳನ್ನು ಸ್ಪಿರಿಟಿನಲ್ಲಿ ಒರೆಸಿ, ಸ್ವಿಚ್ಚು ಹಾಕಿದರೆ ಎರಡೂ ಚಕ್ರ ತಿರುಗಿದವು. ಸುಟ್ಟ ವಾಸನೆ ಬರಲಿಲ್ಲ. ಅಷ್ಟಕ್ಕೇ ನಾನು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಗುರುವಾರ ಮಧ್ಯಾಹ್ನ ಅತ್ತಿಗೆಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದೆ. ಹಳೆಯ ಮೈಕು, ಹಳೆಯ ಯಂತ್ರ, ಮಾವನ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಖಾಲಿ ಟೇಪು. ಅವರು ಅದೇ ಮುನ್ನೂರು ಗಡಿಯಾರವನ್ನು ಓದಿದರು. ಟೇಪು ಹಿಂದಕ್ಕೆ ಸುತ್ತಿ ಹಾಕಿದೆ. ಸ್ವಲ್ಪ ಗುಂಡಗೆ, ಸ್ವಲ್ಪ ಮಬ್ಬು, ಆದರೆ ಎತ್ತರ ಅದೇ. ಇವತ್ತಿನದೇ.

ಅತ್ತಿಗೆ ಎದ್ದು ಬಾಗಿಲ ಹತ್ತಿರ ಚಪ್ಪಲಿ ಹುಡುಕಲು ಹೋದರು. ಕಂಪನಿಯವನನ್ನು ಶನಿವಾರದವರೆಗೆ ಕಾಯಿಸುವುದು ಬೇಡ, ಇವತ್ತೇ ಆಗಲ್ಲ ಅಂತ ಹೇಳಿಬಿಡು, ಆ ಹುಡುಗಿ ಚೆನ್ನಾಗಿ ಓದಲಿ ಎಂದರು. ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ನನ್ನನ್ನು ಕುಟುಕಿತು.

ಏನೂ ತೋಚದಿದ್ದಾಗ ನನ್ನ ಕೈ ಯಂತ್ರದ ಮೇಲೆ ಓಡಾಡುತ್ತದೆ. ಮಾವನ ಪೆಟ್ಟಿಗೆಯಲ್ಲಿ ಕೆಟ್ಟುಹೋದವು ಎಂದು ಬರೆದಿದ್ದ ಒಂದು ಸುರುಳಿ ಇತ್ತು. ರೇಡಿಯೋಗೆ ಹೋಗದೆ ಉಳಿದದ್ದು, ಒಂಬತ್ತನೆಯ ಕಂತಿನ ಮೊದಲ ಯತ್ನ. ಹಳೆಯ ಟೇಪನ್ನು ಈ ಯಂತ್ರ ಸರಿಯಾಗಿ ಎತ್ತುತ್ತದೋ ಇಲ್ಲವೋ ನೋಡೋಣವೆಂದು ಅದನ್ನು ಏರಿಸಿ ಗುಂಡಿ ಒತ್ತಿದೆ.

ಬಾಗಿಲಿನಿಂದ ಅತ್ತಿಗೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ತಿರುಗಿದರು. "ಈಗ ಮಾಡಿದ್ದನ್ನೇ ಯಾಕೆ ಮತ್ತೆ ಹಾಕ್ತೀಯ?"

"ಇದು ಈಗಿಂದಲ್ಲ ಅತ್ತಿಗೆ."

"ಮತ್ತೆ?"

"ಮೂವತ್ತು ವರ್ಷದ್ದು."

ಅವರು ಅಲ್ಲೇ ನಿಂತರು. ಇಲಿ ಗೋಡೆ ಗಡಿಯಾರದೊಳಗೆ ಬಾಲ ಸಿಕ್ಕಿಸಿಕೊಂಡ ಭಾಗ. ಒಂದು ಮೆಟ್ಟಿಲು ಕೆಳಗಿನ, ದುಂಡನೆಯ, ಅವಸರವಿಲ್ಲದ ಧ್ವನಿ. ಇವತ್ತು ಬೆಳಿಗ್ಗೆ ಸಾರಿಗೆ ಉಪ್ಪು ಕಡಿಮೆ ಎಂದು ಚೀಟಿ ಬರೆದವರ ಧ್ವನಿ, ಸಂದೇಹವೇ ಇಲ್ಲ. ಅರ್ಧ ನಿಮಿಷ ಕಳೆದ ಮೇಲೆ ಆ ಧ್ವನಿ ಜೋರಾಗಿ ಸೀನಿತು, ಹಿಂದೆಯೇ ಮಾವ ದೂರದಿಂದ, ಹೋಯ್ತು ಟೇಪು ಎಂದು ಗೊಣಗಿದ್ದು ಕೇಳಿಸಿತು. ಅಲ್ಲಿಗೆ ಮುಗಿಯಿತು.

ಅತ್ತಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕಂಪನಿ ಕಳಿಸಿದ್ದ ಒಂಬತ್ತನೆಯ ಕಂತನ್ನು ಕಂಪ್ಯೂಟರಿನಲ್ಲಿ ಹಾಕಿದೆ. ಅದೇ ಸಾಲು, ಅದೇ ಬಾಲ, ಆದರೆ ಎಳೆ ಹುಡುಗಿಯ ಧ್ವನಿ. ಮತ್ತೆ ಟೇಪು. ಮತ್ತೆ ಕಂಪ್ಯೂಟರು. ನಾಲ್ಕು ಸಲ ಹಾಕಿದೆವು. ಒಂದೇ ವಾರ, ಒಂದೇ ಕೋಣೆ, ಒಂದೇ ಗಂಟಲು. ಒಂದರಲ್ಲಿ ಅವರು, ಇನ್ನೊಂದರಲ್ಲಿ ಅವರ ತಂಗಿಯಂಥ ಯಾರೋ.

ಆಗ ನನ್ನ ಕಣ್ಣು ಸುರುಳಿಯ ಡಬ್ಬಿಯ ಮೇಲೆ ಹೋಯಿತು. ಮಾವನ ಅಕ್ಷರದಲ್ಲಿ, ಸೀನಿ ಕೆಟ್ಟಿತು, ಮತ್ತೆ ಓದಿದ ಕಂತು ಹದಿನೈದು ನಿಮಿಷ ಎಂದಿತ್ತು. ಮಾವ ಹದಿನೈದು ಎಂದು ಬರೆದರೆ ಹದಿನೈದೇ, ಅವರಿಗೆ ಸೆಕೆಂಡಿನ ಹುಚ್ಚು. ಕಂಪನಿಯ ಕಂತು ಎಷ್ಟುದ್ದ ಎಂದು ನೋಡಿದೆ. ಹದಿನಾಲ್ಕು ನಿಮಿಷ ಒಂಬತ್ತು ಸೆಕೆಂಡು. ಹತ್ತನೆಯದು ನೋಡಿದೆ. ಹದಿನಾಲ್ಕು ಹತ್ತು. ಎಲ್ಲ ಇಪ್ಪತ್ತೆಂಟೂ ಸುಮಾರು ಅಷ್ಟೇ. ಪ್ರತಿಯೊಂದರಿಂದಲೂ ಯಾರೋ ಮುಕ್ಕಾಲು ನಿಮಿಷದ ಮೇಲೆ ನುಂಗಿದ್ದರು.

ನಾನು ಯಂತ್ರದ ಮುಚ್ಚಳ ತೆಗೆದು ಟೇಪನ್ನು ಎಳೆಯುವ ಕಬ್ಬಿಣದ ಕಡ್ಡಿಯನ್ನು ನೋಡಿದೆ. ಹೊರಗೆ ಕಾಣುವ ಭಾಗ ಬುಡಕ್ಕಿಂತ ಕೂದಲೆಳೆಯಷ್ಟು ಸಣ್ಣ. ಸವೆದದ್ದಲ್ಲ, ಸವೆದರೆ ಹೊಂಡ ಬೀಳುತ್ತದೆ. ಇದು ಕನ್ನಡಿಯ ಹಾಗೆ ನುಣುಪಾಗಿತ್ತು. ಯಾರೋ ಕೈ ಪಳಗಿದವರು ಕಬ್ಬಿಣ ಕಡೆಯುವ ಲೇತಿಗೆ ಕೊಟ್ಟು ತೆಗೆದಿದ್ದರು. ಸ್ಟುಡಿಯೋ ಹಾಕುವ ಮುಂಚೆ ಮಾವ ಹದಿನಾರು ವರ್ಷ ಲೇತು ನಡೆಸುತ್ತಿದ್ದವರು.

ಇಬ್ಬರೂ ಮನೆಗೆ ಹೋದೆವು. ಮಾವನಿಗೆ ಈಗ ಎಂಬತ್ತನಾಲ್ಕು. ತಲೆ ಚುರುಕು, ಕಿವಿ ಮಂದ. ಟೀವಿಯ ಸದ್ದು ಪೂರ್ತಿ ಮುಚ್ಚಿ ಸುದ್ದಿ ನೋಡುತ್ತಾರೆ, ಹೇಗೂ ಸುದ್ದಿ ಓದುವವರು ಹೇಳುವುದೆಲ್ಲ ಮುಖದಲ್ಲೇ ಗೊತ್ತಾಗುತ್ತದಂತೆ. ನಾನು ಅವರ ಕಿವಿಯ ಹತ್ತಿರ ಬಗ್ಗಿ, ಟೇಪು ಯಂತ್ರದ ಕಡ್ಡಿಯನ್ನು ಸಣ್ಣ ಮಾಡಿದವರು ಯಾರು ಎಂದು ಕೇಳಿದೆ.

ಮಾವ ಬಾಗಿಲ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು. "ಯಾಕೆ, ರೇಡಿಯೋದವರು ಬಂದಿದಾರಾ?"

ಯಾರೂ ಬಂದಿಲ್ಲ ಎಂದು ಗೊತ್ತಾದ ಮೇಲೆ ವಿಷಯ ಹೊರಬಂತು. ರೇಡಿಯೋದವರು ಕೊಡುತ್ತಿದ್ದ ಸುರುಳಿ ಸರಿಯಾಗಿ ಮೂವತ್ತು ನಿಮಿಷದ್ದು. ಒಂದೊಂದರಲ್ಲಿ ಎರಡು ಕಂತು ತುಂಬಬೇಕು ಎಂದು ಅವರ ನಿಯಮ. ಮಗಳು ಒಂದೊಂದನ್ನೂ ಹದಿನೈದು ನಿಮಿಷಕ್ಕೆ ಮುಗಿಸುತ್ತಿದ್ದಳು. ಆದರೆ ನಡುವಿನ ಖಾಲಿ ಜಾಗ, ಆರಂಭದಲ್ಲಿ ಧ್ವನಿ ಹಿಡಿಯದ ಬಿಳಿ ಪಟ್ಟಿ ಎಲ್ಲ ಸೇರಿ ಎರಡನೆಯ ಕಂತಿನ ಕೊನೆಯ ವಾಕ್ಯದ ಹೊತ್ತಿಗೆ ಟೇಪು ಮುಗಿದು ಚಕ್ರ ಪಟಪಟ ಹೊಡೆದುಕೊಳ್ಳುತ್ತಿತ್ತು. ಹಾಗಾಗಿ ಕಡ್ಡಿಯನ್ನು ಹಳೆಯ ಕಾರ್ಖಾನೆಗೆ ಒಯ್ದು ಒಂದು ಕೂದಲೆಳೆ ತೆಗೆದರು. ಟೇಪು ನಿಧಾನ ಓಡಿತು, ಎರಡು ಕಂತು ಹಿಡಿಸಿತು. ನಮ್ಮ ಯಂತ್ರದಲ್ಲಿ ಮಾಡಿ ನಮ್ಮ ಯಂತ್ರದಲ್ಲೇ ಕೇಳಿದರೆ ಎಲ್ಲ ಸರಿ. ಬೇರೆಯವರ ಯಂತ್ರದಲ್ಲಿ ಅದೇ ಟೇಪು ಬೇಗ ಓಡುತ್ತದೆ, ಧ್ವನಿ ಮೇಲಕ್ಕೆ ಹೋಗುತ್ತದೆ. ರೇಡಿಯೋದವರು ಒಮ್ಮೆ, ನಿಮ್ಮ ಹುಡುಗಿಯದು ಗಿಳಿಯ ಹಾಗೆ ಎಳೇ ಧ್ವನಿ ಎಂದು ಹೊಗಳಿದ್ದರಂತೆ. ಮಾವ ಥ್ಯಾಂಕ್ಸ್ ಹೇಳಿ ಬಂದಿದ್ದರಂತೆ.

"ಸ್ವಲ್ಪ ಬೇಗ ಓದು ಅಂತ ನನಗೆ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?" ಎಂದರು ಅತ್ತಿಗೆ.

"ಹೇಳಿದ್ದೆ, ಒಂದ್ಸಲ. ನಿನ್ನ ಮುಖ ಬಾಡಿಹೋಯ್ತು. ಇಲಿ ಸತ್ತೋದ ಹಾಗೆ ಓದಿದೆ ಆವತ್ತು." ಮಾವ ಕೈ ಒದರಿದರು. "ಕಬ್ಬಿಣಕ್ಕೆ ಹೇಳೋದು ಸುಲಭ ಅನ್ನಿಸ್ತು."

ಅತ್ತಿಗೆ ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡರು. ರೇಡಿಯೋದಲ್ಲಿ ತಮ್ಮ ಧ್ವನಿ ಕೇಳಿದಾಗಲೆಲ್ಲ ಬೇರೆ ಥರ ಇದೆ ಅನ್ನಿಸುತ್ತಿತ್ತಂತೆ. ಯಾರ ಧ್ವನಿಯಾದರೂ ಅವರವರಿಗೆ ಹೊರಗಿನಿಂದ ಬೇರೆ ಥರವೇ ಕೇಳುತ್ತದೆ ಎಂದು ಯಾರೋ ಹೇಳಿದ್ದರು, ಅದನ್ನು ನಂಬಿ ಸುಮ್ಮನಾಗಿದ್ದರಂತೆ. ಆಮೇಲೆ ಅವರಿಗೆ ಮೂರು ವಾರದ ಲೆಕ್ಕ ನೆನಪಾಯಿತು.

"ನಿನ್ನ ಲೇತಿಂದಾಗಿ ನಾನು ಮೂರು ವಾರ ಬಾಯಿ ಮುಚ್ಕೊಂಡಿದ್ದೆ ಅಪ್ಪಾ. ಮೂಗಿಗೆ ಕ್ಯಾಮೆರಾ ಹಾಕಿಸ್ಕೊಂಡೆ."

"ಮಾತು ಬಿಟ್ಟಿದ್ಯಾ?" ಮಾವನಿಗೆ ನಿಜವಾಗಿ ಆಶ್ಚರ್ಯ. "ನನಗೆ ಗೊತ್ತೇ ಆಗ್ಲಿಲ್ಲವಲ್ಲ."

ಮೊದಲು ನಕ್ಕವಳು ನಾನು. ಆಮೇಲೆ ಅತ್ತಿಗೆ. ನಗುತ್ತಾ ನಗುತ್ತಾ ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಮೂರು ವಾರದಿಂದ ಬಿಗಿಹಿಡಿದಿದ್ದ ಭುಜ ಕೆಳಗಿಳಿದದ್ದು ನನಗೆ ಕಂಡಿತು. ಬಹಳ ಹೊತ್ತು ಹಿಡಿದ ಬಿಂದಿಗೆಯನ್ನು ಕೆಳಗಿಟ್ಟವರ ಹಾಗೆ ಕೂತರು. ಸಂಜೆ ನನ್ನ ಗಂಡ ಮನೆಗೆ ಬಂದಾಗ ಅವರಿಗೆ ಬೇಕಾಗಿದ್ದ ಬೈಗುಳ ಬಾಕಿ ಸಮೇತ ಸಿಕ್ಕಿತು.

ಶುಕ್ರವಾರ ಬೆಳಿಗ್ಗೆ ಕಂಪನಿಯ ಒಂಬತ್ತನೆಯ ಕಂತನ್ನು ಕಂಪ್ಯೂಟರಿನಲ್ಲಿ ಸರಿಯಾದ ವೇಗಕ್ಕೆ ಇಳಿಸಿದೆ, ಹದಿನೈದು ನಿಮಿಷಕ್ಕೆ ಬಂದು ನಿಂತಿತು. ಅದರ ಬಾಲಕ್ಕೆ ಅತ್ತಿಗೆಯ ಹೊಸ ಓದನ್ನು ಅಂಟಿಸಿದೆ. ಮೂವತ್ತು ವರ್ಷ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಕಿವಿ ಇಟ್ಟು ಕೇಳಿದರೆ ಒಂದು ಸಣ್ಣ ಒರಟು ಎಳೆ ಇದೆ, ಆದರೆ ಅದು ಹೊಲಿದವಳಿಗೆ ಮಾತ್ರ ಕಾಣುವ ತೇಪೆ. ಕಳಿಸಿ, ನಡೆದದ್ದನ್ನೆಲ್ಲ ಬರೆದೆ.

ಕಂಪನಿಯವನು ಒಂದು ಗಂಟೆಯೊಳಗೆ ಫೋನು ಮಾಡಿದ. ಎಲ್ಲಿ ಹಳೆಯದು ಮುಗಿದು ಹೊಸದು ಶುರುವಾಯಿತು ಎಂದು ತನಗೆ ಮೂರನೆಯ ಸಲ ಕೇಳಿದಾಗಲೂ ಖಾತ್ರಿಯಾಗಲಿಲ್ಲ ಎಂದ. ಆದರೆ ಒಂದು ಸಣ್ಣ ತೊಡಕು. ರೇಡಿಯೋ ಕೇಳಿ ಬೆಳೆದವರಿಗೆ ಆ ತೆಳ್ಳನೆಯ ಧ್ವನಿಯೇ ನೆನಪು. ಇಪ್ಪತ್ತೆಂಟನ್ನು ಕೆಳಗಿಳಿಸುವ ಬದಲು ಹನ್ನೆರಡನ್ನು ಮೇಲಕ್ಕೆ ಏರಿಸಿದರೆ ಹೇಗೆ? ಕೆಲಸವೂ ಕಡಿಮೆ.

ಕೆಲಸ ಕಡಿಮೆ ಎನ್ನುವುದು ನಿಜವೇ. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆನೋ ಏನೋ. ಅತ್ತಿಗೆ ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ನೋಡಿ ಸರ್, ಆ ಹುಡುಗಿ ಯಾರು ಅಂತ ನನಗೂ ಗೊತ್ತಿಲ್ಲ. ಅವಳನ್ನ ಹುಡುಕಿಕೊಂಡು ನಾನು ಮೂರು ವಾರ ಡಾಕ್ಟರ ಮನೆ ಅಲೆದೆ. ಓದಿದವಳು ನಾನು. ನಾನು ಓದಿದ ಹಾಗೇ ಕೇಳಿಸೋದಾದ್ರೆ ಸೋಮವಾರದಿಂದ ಶುರು ಮಾಡ್ತೀನಿ. ಹುಡುಗಿಯೇ ಬೇಕು ಅಂದ್ರೆ ನಿಮ್ಮ ಹತ್ತಿರ ಒಬ್ಬಳು ಇದಾಳಲ್ಲ."

ಆಮೇಲೆ ಅವನು, ಮಕ್ಕಳಿಗೇನೂ ಹಳೆಯದು ಗೊತ್ತಿಲ್ಲ, ಅವರು ಕೇಳಿದ್ದೇ ಮೊದಲು ಎಂದ. ಒಪ್ಪಿದ್ದನ್ನು ಹೀಗೆ ತನ್ನದೇ ಯೋಚನೆಯ ಹಾಗೆ ಹೇಳುವುದು ಅವನ ವಾಡಿಕೆ ಇರಬೇಕು. ಇಪ್ಪತ್ತೆಂಟನ್ನೂ ಇಳಿಸಿಕೊಡುವ ಕೆಲಸ ನನ್ನ ತಲೆಗೆ ಬಂತು. ಬರಲಿ.

ಸೋಮವಾರ ಅತ್ತಿಗೆ ಹತ್ತು ನಿಮಿಷ ಮೊದಲೇ ಬಂದು ಮೈಕಿನ ಮುಂದೆ ನಿಂತಿದ್ದರು. ಹಳೆಯದು ಬೇಡ, ಅದು ಬಿಸಿಯಾಗುವಷ್ಟರಲ್ಲಿ ನನ್ನ ಕಾಲು ಸೋಲುತ್ತದೆ, ಹೊಸದನ್ನೇ ಹಾಕು ಎಂದರು. ತುಟಿಯ ಸದ್ದು ಹೆಚ್ಚು ಬಂದರೆ ಆಮೇಲೆ ನೀನು ಉಂಟು, ನಿನ್ನ ಕತ್ತರಿ ಉಂಟು. ಕೆಳಗಿನ ಜಿಪ್ಪಿನವನಿಗೆ ಒಂದು ಗಂಟೆ ಬರೀ ಗುಂಡಿ ಹೊಲಿ ಎಂದು ಹೇಳಿ ಬಂದಿದ್ದೆ. ನಾನು ಗಾಜಿನ ಈಚೆ ಕೂತು ಕೈ ಎತ್ತಿದೆ.

ಮೂರನೆಯ ಪುಟದಲ್ಲಿ ಅವರು ಕೆಮ್ಮಿದರು. ನನ್ನ ಬೆರಳು ನಿಲ್ಲಿಸುವ ಗುಂಡಿಯ ಮೇಲೆ ಹೋಯಿತು. ಗಾಜಿನ ಆಚೆ ಅವರು ಪುಟ ಹಿಡಿದುಕೊಂಡೇ ಒಂದು ಕ್ಷಣ ನಿಂತು ಗಂಟಲಿನ ಕಡೆ ಗಮನ ಕೊಟ್ಟರು. ಇನ್ನೊಮ್ಮೆ ಕೆಮ್ಮಿ ನೋಡಿದರು, ಬೇಕೆಂದೇ.

"ಏನೂ ಇಲ್ಲ, ಧೂಳು," ಎಂದರು. "ಕೋಣೆ ಗುಡಿಸಿ ಎಷ್ಟು ದಿನ ಆಯ್ತು ಮೆಕ್ಯಾನಿಕ್ಕು? ಇಲಿ ಗಡಿಯಾರದ ಮೇಲೆ ಹತ್ತೋದ್ರಿಂದ ಮತ್ತೆ ತಗೋತೀನಿ."

ನಾನು ಮತ್ತೆ ಕೈ ಎತ್ತಿದೆ. ಇಲಿ ಹತ್ತಿತು.